ಟ್ರ್ಯಾಕಿನ ಮೇಲೆ ಸ್ಟೆಬಿಲಿಟಿ ಕಂಟ್ರೋಲ್: ಬಂದ್ ಮಾಡಿದರೆ ಮಾತ್ರ ಆನಂದವೇ?

ಪ್ರಶ್ನೆ: ನೆಕ್ಕರ್‌ತೀರ (ಸ್ಟುಟ್‌ಗಾರ್ಟ್)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ನಾನು 2013ರ ಟೊಯೋಟಾ ಜಿಟಿ86 ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡುಕೊಂಡೆ. 2 ಲೀಟರಿನ ಬಾಕ್ಸರ್ ಎಂಜಿನ್, 200 ಅಶ್ವಶಕ್ತಿ, 6 ಗೇರಿನ ಮ್ಯಾನ್ಯುಯಲ್, ಹಿಂದಿನ ಚಕ್ರಗಳಿಗೆ ಚಾಲನೆ, ಒಂದೂಕಾಲು ಟನ್ನಿನಷ್ಟು ತೂಕ. ಇಷ್ಟು ದಿನ ರಸ್ತೆಯಲ್ಲಿ ಓಡಿಸಿಕೊಂಡು ಸಂತೋಷವಾಗಿದ್ದವನು ಕಳೆದ ತಿಂಗಳು ಮೊದಲ ಬಾರಿಗೆ ಹಾಕೆನ್‌ಹೈಮ್ ಸರ್ಕೀಟಿನ ಟ್ರ್ಯಾಕ್ ಡೇಗೆ (ನಮ್ಮಂಥವರು ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೋಗಿ ಬಂದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದು ಆ ವಿವರಗಳಲ್ಲಿ.

ಬೆಳಗಿನ ಮೊದಲ ಸರದಿಯಲ್ಲಿ ಕಾರಿನ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಕಾರು ಜಾರಿ ಗಿರಕಿ ಹೊಡೆಯದಂತೆ ತಡೆಯುವ ವ್ಯವಸ್ಥೆ, ಪೂರ್ತಿ ಚಾಲೂ ಇತ್ತು. ಎರಡನೆಯದರಲ್ಲಿ ಪಕ್ಕದಲ್ಲಿ ಕುಳಿತಿದ್ದ ಇನ್‌ಸ್ಟ್ರಕ್ಟರ್ ಹೇಳಿದಂತೆ ಅದನ್ನು ವಿಎಸ್‌ಸಿ ಸ್ಪೋರ್ಟ್ ಎಂಬ, ಪೂರ್ತಿ ಚಾಲೂ ಮತ್ತು ಪೂರ್ತಿ ಬಂದ್ ಎರಡರ ನಡುವಿನ ಸ್ಥಿತಿಗೆ ತಂದೆ. ಪರಾಬೋಲಿಕಾ ಎಂಬ ಉದ್ದನೆಯ ಎಡ ಬಾಗು ಮುಗಿದ ಮೇಲೆ ಶ್ಪಿಟ್ಸ್‌ಕೇರ ಎಂಬ ಬಲ ಹೇರ್‌ಪಿನ್ ಬರುತ್ತದೆ. ಎರಡನೇ ಗೇರಿಗಿಳಿಸಿ, ತಿರುವು ಮುಗಿಯುತ್ತಿದೆ ಎನ್ನುವಾಗ ಆಕ್ಸಿಲರೇಟರ್ ಒತ್ತಿದರೆ ಮೀಟರಿನ ಮೇಲೆ ಹಳದಿ ದೀಪ ಮಿನುಗುತ್ತದೆ, ಎಂಜಿನ್ ಉಸಿರು ಬಿಗಿಹಿಡಿದಂತೆ ಒಂದು ಕ್ಷಣ ಮಂಕಾಗುತ್ತದೆ, ಆಮೇಲಷ್ಟೇ ಕಾರು ಮುಂದಕ್ಕೆ ಹೋಗುತ್ತದೆ. ಪ್ರತಿ ಲ್ಯಾಪಿನಲ್ಲೂ ಇದೇ. ನಾನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ಬಂದು ಮಾತು ಕಸಿದುಕೊಂಡಂತೆ ಅನಿಸುತ್ತಿತ್ತು.

ಮಧ್ಯಾಹ್ನ ಇನ್‌ಸ್ಟ್ರಕ್ಟರ್ ಬೇರೆ ಕಾರಿಗೆ ಹೋದ ಮೇಲೆ, ಗುಂಡಿಯನ್ನು ಒತ್ತಿ ಹಿಡಿದು ಎಲ್ಲವನ್ನೂ ಆರಿಸಿದೆ. ಮೂರು ಲ್ಯಾಪುಗಳ ಕಾಲ ನಾನು ಅಂದುಕೊಂಡಿದ್ದ ಕಾರು ನನಗೆ ಸಿಕ್ಕಿತು. ನಾಲ್ಕನೆಯ ಲ್ಯಾಪಿನಲ್ಲಿ, ಮೋಟೊಡ್ರೋಮ್ ಭಾಗದ ಜಾಕ್ಸ್ ತಿರುವಿನ ನಡುವೆ, ವೇಗ ಹೆಚ್ಚಾಯಿತೆಂದು ಹೆದರಿ ಕಾಲನ್ನು ಪೂರ್ತಿ ಎತ್ತಿಬಿಟ್ಟೆ. ಹಿಂಭಾಗ ಹೊರಕ್ಕೆ ಹಾರಿತು. ಸ್ಟಿಯರಿಂಗನ್ನು ತಿರುಗಿಸಿದೆ, ಆದರೆ ತಡವಾಗಿತ್ತು. ಒಂದೂವರೆ ಸುತ್ತು ಗಿರಕಿ ಹೊಡೆದು ಹುಲ್ಲಿನ ಮೇಲೆ ನಿಂತೆ. ಕಾರಿಗೂ ನನಗೂ ಏನೂ ಆಗಲಿಲ್ಲ.

ಇನ್ನೊಂದು ಸಂಗತಿ. ಹೋಗುವ ಮುನ್ನ ನಾಲ್ಕೂ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದೆ. ಮನೆಗೆ ಬಂದು ಚಕ್ರ ಬಿಚ್ಚಿ ನೋಡಿದರೆ ಮುಂದಿನ ಪ್ಯಾಡುಗಳು ಮೂರನೇ ಒಂದು ಭಾಗದಷ್ಟೇ ಸವೆದಿವೆ; ಹಿಂದಿನ ಎಡ ಚಕ್ರದಲ್ಲಿ 6 ಮಿ.ಮೀ. ಉಳಿದಿದ್ದರೆ ಬಲ ಚಕ್ರದಲ್ಲಿ ಉಳಿದದ್ದು 4 ಮಿ.ಮೀ. ಮಾತ್ರ. ಬ್ರೇಕಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆಂದು ಓದಿದ್ದ ನನಗೆ ಇದು ಅರ್ಥವೇ ಆಗಲಿಲ್ಲ.

ಕೇಳಬೇಕಾದದ್ದು ಇದು. ಟ್ರ್ಯಾಕಿಗೆ ಹೋಗುವುದು ಕಾರಿನ ಜೊತೆ ನೇರವಾಗಿ ಮಾತಾಡುವುದಕ್ಕೆ. ನಡುವೆ ಒಬ್ಬ ಮಧ್ಯಸ್ಥನಿದ್ದರೆ ಆ ಮಾತಿಗೆ ಬೆಲೆಯಿದೆಯೇ? ಮಧ್ಯಸ್ಥನಿಲ್ಲದಿದ್ದರೆ ನನ್ನಂಥವನು ಹುಲ್ಲಿನ ಮೇಲೆ ಕೊನೆಗಾಣುತ್ತಾನೆ ಎಂಬುದೂ ಕಣ್ಣಮುಂದೆಯೇ ಇದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಗಿರಕಿಮಾಪಕ (ಬೆಂಗಳೂರು)

ನಮಸ್ಕಾರ ನೆಕ್ಕರ್‌ತೀರ ಅವರೇ. ಹನ್ನೊಂದು ವರ್ಷಗಳಿಂದ ಬ್ರೇಕ್ ನಿಯಂತ್ರಣದ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯ ದೊಡ್ಡ ಭಾಗಕ್ಕೆ ಉತ್ತರ ನಿಮ್ಮ ಕಾರಿನ ಬಲ ಹಿಂದಿನ ಪ್ಯಾಡಿನಲ್ಲಿಯೇ ಬರೆದಿದೆ ಎಂದು ನನಗೆ ಅನಿಸುತ್ತದೆ. ಅದನ್ನು ಓದುವುದು ಹೇಗೆಂದು ಹೇಳುತ್ತೇನೆ.

ಸ್ಟೆಬಿಲಿಟಿ ಕಂಟ್ರೋಲ್ ಘಟಕಕ್ಕೆ ರಸ್ತೆ ಕಾಣಿಸುವುದಿಲ್ಲ. ನೀವು ಸ್ಟಿಯರಿಂಗನ್ನು ಎಷ್ಟು ತಿರುಗಿಸಿದ್ದೀರಿ, ನಾಲ್ಕು ಚಕ್ರಗಳು ಎಷ್ಟೆಷ್ಟು ವೇಗದಲ್ಲಿ ಉರುಳುತ್ತಿವೆ, ಬ್ರೇಕಿನ ಮೇಲೆ ಎಷ್ಟು ಒತ್ತಡವಿದೆ, ಕಾರು ಅಡ್ಡಡ್ಡಲಾಗಿ ಎಷ್ಟು ತಳ್ಳಿಸಿಕೊಳ್ಳುತ್ತಿದೆ, ತನ್ನ ನಡು ಅಕ್ಷದ ಸುತ್ತ ಎಷ್ಟು ವೇಗವಾಗಿ ತಿರುಗುತ್ತಿದೆ, ಇವಿಷ್ಟೇ ಅದಕ್ಕೆ ಗೊತ್ತು. ಇವುಗಳಿಂದ ಅದು ಎರಡು ಲೆಕ್ಕ ಹಾಕುತ್ತದೆ: ಚಾಲಕ ಕೇಳಿದ್ದೆಷ್ಟು, ಕಾರು ತಿರುಗಿದ್ದೆಷ್ಟು. ಬಾಷ್ ಸಂಸ್ಥೆ ಹೇಳುವಂತೆ ಈ ಹೋಲಿಕೆ ಸೆಕೆಂಡಿಗೆ 25 ಬಾರಿ ನಡೆಯುತ್ತದೆ; ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಕಾರು ಎರಡು ಹೋಲಿಕೆಗಳ ನಡುವೆ ಒಂದು ಮೀಟರಿಗಿಂತ ತುಸು ಹೆಚ್ಚು ಮುಂದೆ ಸಾಗಿರುತ್ತದೆ ಅಷ್ಟೇ. ಎರಡು ಲೆಕ್ಕಗಳು ಹೊಂದದಿದ್ದಾಗ ಅದು ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ ಮತ್ತು ಒಂದೊಂದೇ ಚಕ್ರದ ಬ್ರೇಕನ್ನು ಹಿಡಿಯುತ್ತದೆ. ಕಾರು ಕೇಳಿದ್ದಕ್ಕಿಂತ ಹೆಚ್ಚು ತಿರುಗುತ್ತಿದ್ದರೆ, ಅಂದರೆ ಹಿಂಭಾಗ ಜಾರುತ್ತಿದ್ದರೆ, ತಿರುವಿನ ಹೊರಬದಿಯ ಮುಂದಿನ ಚಕ್ರವನ್ನು ಹಿಡಿಯುತ್ತದೆ. ಕೇಳಿದಷ್ಟು ತಿರುಗದೆ ಮೂತಿ ಹೊರಕ್ಕೆ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರವನ್ನು ಹಿಡಿಯುತ್ತದೆ.

ಈಗ ನಿಮ್ಮ ಪ್ಯಾಡಿಗೆ ಬರೋಣ. ಹಾಕೆನ್‌ಹೈಮಿನಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓಡಿಸುತ್ತಾರೆ. ವೇಗ ತಗ್ಗಿಸಿ ಮತ್ತೆ ಬಲ ಹಾಕಬೇಕಾದ ತಿರುವುಗಳಲ್ಲಿ ಹೆಚ್ಚಿನವು ಬಲ ತಿರುವುಗಳು, ಆದ್ದರಿಂದ ಒಳಬದಿಯ ಹಿಂದಿನ ಚಕ್ರವೆಂದರೆ ಬಹುಪಾಲು ಬಲ ಹಿಂದಿನ ಚಕ್ರವೇ. ಅದು ಸವೆದಿದೆಯೆಂದರೆ ಘಟಕವು ಇಡೀ ಬೆಳಿಗ್ಗೆ ಅದನ್ನು ಹಿಡಿಯುತ್ತಲೇ ಇತ್ತು ಎಂದರ್ಥ. ಏಕೆ ಹಿಡಿಯಿತು? ನನ್ನ ಊಹೆಗೆ ಎರಡು ಕಾರಣಗಳಿವೆ. ಮೊದಲನೆಯದು ನಿಮ್ಮ ಕೈ. ತಿರುವಿನೊಳಗೆ ಹೋಗುವಾಗ ಮುಂದಿನ ಟೈರುಗಳು ಕೊಡಬಲ್ಲದ್ದಕ್ಕಿಂತ ಹೆಚ್ಚಾಗಿ ಸ್ಟಿಯರಿಂಗನ್ನು ತಿರುಗಿಸುತ್ತಿದ್ದೀರಿ. ಹೊಸಬರಲ್ಲಿ ಹತ್ತಕ್ಕೆ ಎಂಟು ಮಂದಿ ಇದನ್ನೇ ಮಾಡುತ್ತಾರೆ. ಟೈರಿನ ಹಿಡಿತ ತನ್ನ ತುದಿಯನ್ನು ಮುಟ್ಟಿದ ಮೇಲೆ ಇನ್ನೂ ತಿರುಗಿಸಿದರೆ ಕಾರು ಹೆಚ್ಚು ತಿರುಗುವುದಿಲ್ಲ, ಆದರೆ ಘಟಕದ ಲೆಕ್ಕದಲ್ಲಿ ‘ಚಾಲಕ ಕೇಳಿದ್ದು’ ಮಾತ್ರ ಏರುತ್ತಲೇ ಹೋಗುತ್ತದೆ. ನೀವು ಹೆಚ್ಚು ಕೇಳಿದಷ್ಟೂ ಅದು ಒಳ ಚಕ್ರವನ್ನು ಬಿಗಿಯುತ್ತದೆ. ಎರಡನೆಯದು ನಿಮ್ಮ ಕಾಲು. ಹೇರ್‌ಪಿನ್ನಿನ ಕೊನೆಯಲ್ಲಿ ಸ್ಟಿಯರಿಂಗ್ ಇನ್ನೂ ತಿರುಗಿರುವಾಗಲೇ ಬಲ ಹಾಕಿದರೆ, ಭಾರವೆಲ್ಲ ಹೊರಬದಿಗೆ ಹೋಗಿ ಹಗುರಾಗಿರುವ ಒಳಗಿನ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ನಿಮ್ಮ ಕಾರಿನಲ್ಲಿರುವ ಟಾರ್ಸೆನ್ ಡಿಫರೆನ್ಷಿಯಲ್‌ಗೆ (ಎರಡು ಹಿಂದಿನ ಚಕ್ರಗಳಿಗೆ ಬಲ ಹಂಚುವ ಭಾಗ) ಕೆಲಸ ಮಾಡಲು ಹಗುರಾದ ಚಕ್ರದಲ್ಲೂ ಒಂದಿಷ್ಟು ಹಿಡಿತ ಬೇಕು. ಅದಿಲ್ಲದಿದ್ದಾಗ ಬ್ರೇಕಿಗೇ ಆ ಕೆಲಸ ಬೀಳುತ್ತದೆ. ನೀವು ಹೇಳಿದ ‘ಉಸಿರು ಬಿಗಿಹಿಡಿದ’ ಕ್ಷಣ ಅದೇ.

ಹಾಗಾಗಿ ನಿಮ್ಮ ಮಾತನ್ನು ಕಸಿದುಕೊಂಡವನು ಕಾರಣವಿಲ್ಲದೆ ಕಸಿದುಕೊಳ್ಳಲಿಲ್ಲ. ಆದರೆ ಅವನು ಅಷ್ಟು ಬೇಗ ಬಾಯಿ ಹಾಕುವುದಕ್ಕೂ ಹಿನ್ನೆಲೆಯೊಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಾಷ್ ಮತ್ತು ಮರ್ಸಿಡಿಸ್ ಸೇರಿ 1995ರಲ್ಲಿ ಇದನ್ನು ಎಸ್‌ ಕ್ಲಾಸ್ ಕಾರಿನಲ್ಲಿ ತಂದಾಗ (ಬಾಷ್‌ನಲ್ಲಿ ಆ ತಂಡವನ್ನು ನಡೆಸಿದವರು ಆಂಟನ್ ಫಾನ್ ಜಾಂಟನ್) ಗುರಿಯಲ್ಲಿದ್ದದ್ದು ಮಂಜು ಬಿದ್ದ ಹೆದ್ದಾರಿ, ಟ್ರ್ಯಾಕ್ ಅಲ್ಲ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ, ಅಡ್ಡ ಬಂದ ಮೂಸ್ ಜಿಂಕೆಯನ್ನು ತಪ್ಪಿಸುವಂತೆ ಹೊರಳಿಸಿದಾಗ ಮರ್ಸಿಡಿಸ್ ಎ ಕ್ಲಾಸ್ ಮಗುಚಿಬಿತ್ತು. ಆಮೇಲೆ ಆ ಚಿಕ್ಕ ಕಾರಿಗೂ ಇದನ್ನು ಕಡ್ಡಾಯವಾಗಿ ಅಳವಡಿಸಿದರು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಾನೂನು. ಅಮೆರಿಕದ ಕಾನೂನಿನಲ್ಲಿ ಆರಿಸುವ ಗುಂಡಿಗೆ ಅವಕಾಶವಿದೆ, ಆದರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ವ್ಯವಸ್ಥೆ ತಾನಾಗಿ ಚಾಲೂ ಆಗಿರಲೇಬೇಕು. ಸಾಮಾನ್ಯ ಸ್ಥಿತಿಯನ್ನು ಹೊಂದಿಸುವ ಎಂಜಿನಿಯರು ಸವೆದ ಟೈರು, ರಾತ್ರಿಯ ಮಳೆ, ಹಿಂದಿನ ಸೀಟಿನಲ್ಲಿ ಮಲಗಿರುವ ಮಗು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಚಳಿಗಾಲದಲ್ಲಿ ಉತ್ತರ ಸ್ವೀಡನ್ನಿನ ಆರ್ಯೆಪ್ಲೋಗ್ ಊರಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಈ ಹೊಂದಾಣಿಕೆ ನಡೆಯುತ್ತದೆ. ಅಂಥ ಸ್ಥಿತಿಯಲ್ಲಿ ಟ್ರ್ಯಾಕಿನ ಲ್ಯಾಪ್ ಹೊಡೆಯುವುದು ಬೇರೆ ಕೆಲಸಕ್ಕೆ ಕಲಿತವನ ಕೈಯಲ್ಲಿ ಈ ಕೆಲಸ ಮಾಡಿಸಿದಂತೆ. ನಡುವಿನ ಸ್ಥಿತಿ ಇರುವುದು ಇದಕ್ಕಾಗಿಯೇ; ನಿಮ್ಮ ಇನ್‌ಸ್ಟ್ರಕ್ಟರ್ ಸರಿಯಾದದ್ದನ್ನೇ ಹೇಳಿದರು.

ಒಂದು ಎಚ್ಚರಿಕೆಯ ಮಾತು: 4 ಮಿ.ಮೀ. ಉಳಿದಿರುವ ಆ ಪ್ಯಾಡುಗಳೊಂದಿಗೆ ಮತ್ತೆ ಟ್ರ್ಯಾಕಿಗೆ ಇಳಿಯಬೇಡಿ. ಬ್ರೇಕ್ ಫ್ಲೂಯಿಡನ್ನೂ ಬದಲಾಯಿಸಿ, ಏಕೆಂದರೆ ಆ ಚಕ್ರದ ಕ್ಯಾಲಿಪರ್ (ಪ್ಯಾಡನ್ನು ಒತ್ತುವ ಭಾಗ) ನೀವು ಪೆಡಲ್ ಮುಟ್ಟದಿದ್ದಾಗಲೂ ಬಿಸಿಯಾಗುತ್ತಿತ್ತು.

ಉತ್ತರ: ಹೆದ್ದಾರಿ 48 (ಬೆಂಗಳೂರು)

ಗಿರಕಿಮಾಪಕ ಅವರ ವಿವರಣೆ ಓದಿ ನನ್ನ ಹಳೆಯ ಗೊಂದಲವೂ ಪರಿಹಾರವಾಯಿತು. ನನ್ನದು ಹಿಂಬದಿ ಚಾಲನೆಯ ಬಿಎಂಡಬ್ಲ್ಯು 330ಐ. ಕರ್ನಾಟಕದಲ್ಲಿ ಇಂಥ ಕಾರನ್ನು ಪೂರ್ತಿ ವೇಗದಲ್ಲಿ ಓಡಿಸುವಂಥ ದೊಡ್ಡ ಸರ್ಕೀಟ್ ಇಲ್ಲದ ಕಾರಣ ನಾವು ಬೆಂಗಳೂರಿನವರು ಬೆಳಗಿನ ಜಾವ ಹೊರಟು ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗುತ್ತೇವೆ. ಅಲ್ಲಿನ ಸುತ್ತು 3.7 ಕಿ.ಮೀ. ಇದೆ. ಆರು ವರ್ಷಗಳಲ್ಲಿ ಹದಿನಾಲ್ಕು ಬಾರಿ ಹೋಗಿದ್ದೇನೆ, ಒಮ್ಮೆಯೂ ಪೂರ್ತಿ ಆರಿಸಿ ಓಡಿಸಿಲ್ಲ, ಮತ್ತು ನನ್ನ ಆನಂದಕ್ಕೆ ಕೊರತೆಯಾಗಿದೆ ಎಂದು ನನಗೆ ಯಾವತ್ತೂ ಅನಿಸಿಲ್ಲ.

ನನ್ನ ಕಾರಿನಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಡಿಟಿಸಿ ಎಂಬ ಸಡಿಲ ಸ್ಥಿತಿ ಬರುತ್ತದೆ, ಒತ್ತಿ ಹಿಡಿದರೆ ಎಲ್ಲವೂ ಬಂದ್ ಆಗುತ್ತದೆ. ನಾನು ಇರುವುದು ಡಿಟಿಸಿಯಲ್ಲಿ. ಮೊದಲ ವರ್ಷ ದೀಪ ಮಿನುಗಿದಾಗಲೆಲ್ಲ ನಿಮ್ಮ ಹಾಗೆಯೇ ಸಿಟ್ಟಾಗುತ್ತಿದ್ದೆ. ಆಮೇಲೆ ಅಲ್ಲಿನ ಹಿರಿಯ ರ‍್ಯಾಲಿ ಚಾಲಕರೊಬ್ಬರು, ‘ದೀಪ ಹತ್ತಿದ ಜಾಗವನ್ನು ಪ್ರತಿ ಸರದಿ ಮುಗಿದ ಮೇಲೆ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ’ ಎಂದರು. ಟ್ರ್ಯಾಕಿನ ನಕ್ಷೆ ಬರೆದುಕೊಂಡು ಕೆಂಪು ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಬಂದೆ. ಮೊದಲ ದಿನದ ಕಾಗದದಲ್ಲಿ ಪ್ರತಿ ತಿರುವಿನ ಬಾಯಲ್ಲೂ ಚುಕ್ಕೆಗಳ ಗುಂಪು. ಈಗ ಇಡೀ ದಿನ ಓಡಿಸಿದರೆ ಮೂರೋ ನಾಲ್ಕೋ. ನನ್ನ ಲ್ಯಾಪಿನ ಸಮಯವೂ ಇಳಿದಿದೆ, ಆದರೆ ನನಗೆ ಸಂತೋಷ ಕೊಡುವುದು ಆ ಸಮಯವಲ್ಲ, ಆ ಖಾಲಿ ಕಾಗದ. ಹಿಂದಿನ ಟೈರು ತುದಿಗೆ ಬಂದಿದೆ, ಇನ್ನು ಕೂದಲೆಳೆಯಷ್ಟು ಒತ್ತಿದರೆ ದೀಪ ಹತ್ತುತ್ತದೆ ಎಂಬುದು ಸೊಂಟಕ್ಕೆ ಗೊತ್ತಾಗಿ, ಅಲ್ಲಿಯೇ ಕಾಲನ್ನು ನಿಲ್ಲಿಸಿ ತಿರುವನ್ನು ದಾಟಿದಾಗ ಆಗುವ ಸುಖವನ್ನು ಬೇರೆ ಯಾವುದಕ್ಕೂ ಹೋಲಿಸಲಾರೆ.

ನಮ್ಮೂರಿನಲ್ಲಿ ಮಕ್ಕಳು ಬಾವಿಯಲ್ಲಿ ಈಜು ಕಲಿಯುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಬುರುಡೆ ಕಟ್ಟಿಕೊಂಡವನು ಈಜುತ್ತಿಲ್ಲವೆಂದು ಯಾರೂ ಹೇಳುತ್ತಿರಲಿಲ್ಲ. ಕೈಕಾಲು ಆಡಿಸುವುದು ಅವನೇ ತಾನೇ. ನಾನಂತೂ ಬುರುಡೆಯನ್ನು ಬಿಚ್ಚುವ ಅಗತ್ಯವನ್ನು ಇನ್ನೂ ಕಂಡಿಲ್ಲ.

ಮತ್ತೊಂದು ದಿನದ ನೆನಪನ್ನೂ ಹೇಳಬೇಕು. ನವೆಂಬರಿನಲ್ಲಿ, ಊಟದ ನಂತರದ ಸರದಿಯಲ್ಲಿ, ಟ್ರ್ಯಾಕಿನ ಒಂದು ಭಾಗಕ್ಕೆ ಮಾತ್ರ ಮಳೆ ಹೊಡೆದು ಹೋಗಿತ್ತು. ಪಿಟ್ಟಿನ ಕಡೆ ಒಣಗಿದ ಡಾಂಬರು, ಆಚೆ ಬದಿಯಲ್ಲಿ ಒದ್ದೆ. ಮೂರನೇ ಗೇರಿನಲ್ಲಿ ಆ ಒದ್ದೆಯೊಳಕ್ಕೆ ನುಗ್ಗಿದಾಗ ಕಾರು ಅಡ್ಡ ಹೊರಳಿತು, ನನ್ನ ಕೈ ಅಲುಗುವ ಮೊದಲೇ ಎಡ ಮುಂದಿನ ಚಕ್ರದಲ್ಲಿ ಗರಗರ ಸದ್ದು ಬಂತು, ಕಾರು ನೆಟ್ಟಗಾಯಿತು. ಆ ದಿನ ನಾನು ಕಲಿತದ್ದೇನೂ ಇಲ್ಲ, ಆದರೆ ಅದೇ ಕಾರಿನಲ್ಲಿ ಮನೆಗೆ ಬಂದೆ. ನಮ್ಮ ದೇಶದ ವಾಹನ ವಿಮೆಯ ಷರತ್ತಿನಲ್ಲಿ ರೇಸು ಮತ್ತು ವೇಗಪರೀಕ್ಷೆಯ ಬಳಕೆಗೆ ರಕ್ಷಣೆ ಇಲ್ಲ ಎಂಬುದನ್ನು ಇಲ್ಲಿ ಓದುತ್ತಿರುವ ಹೊಸಬರು ನೆನಪಿಟ್ಟುಕೊಳ್ಳಬೇಕು. ಟ್ರ್ಯಾಕಿನ ಗೋಡೆಗೆ ಗುದ್ದಿದರೆ ಆ ಖರ್ಚು ನಮ್ಮದೇ.

ಉತ್ತರ: ಹಳೇ ಎಂಎಕ್ಸ್5 (ಬ್ರಿಸ್ಟಲ್)

ಹೆದ್ದಾರಿ 48 ಅವರ ಕೆಂಪು ಚುಕ್ಕೆಯ ಕಾಗದ ನನಗೆ ಬಹಳ ಹಿಡಿಸಿತು, ಆದರೂ ಅವರ ತೀರ್ಮಾನವನ್ನು ಒಪ್ಪಲಾರೆ. ಒಣಗಿದ ಭಾಗದಿಂದ ಒದ್ದೆಗೆ ನುಗ್ಗಿದ ಆ ಘಟನೆಯಲ್ಲಿ ‘ಕಲಿತದ್ದೇನೂ ಇಲ್ಲ’ ಎಂದು ಅವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ದೀಪ ಕಾಲಿಗೆ ಪಾಠ ಹೇಳುತ್ತದೆ, ಕೈಗೆ ಹೇಳುವುದಿಲ್ಲ. ಜಾರಿದ ಕಾರನ್ನು ಹಿಡಿಯುವ ವಿದ್ಯೆ ಕೈಯದು. ಹದಿನಾಲ್ಕು ಟ್ರ್ಯಾಕ್ ಡೇಗಳಾದರೂ ಅವರ ಕೈಗೆ ಆ ವಿದ್ಯೆ ಬಂದಿಲ್ಲ, ಏಕೆಂದರೆ ಆ ಕೆಲಸವನ್ನು ಪ್ರತಿ ಬಾರಿಯೂ ಬೇರೆಯವರು ಮಾಡಿಕೊಟ್ಟಿದ್ದಾರೆ. ಸೋರೆಬುರುಡೆಯ ಮಾತು ಚೆನ್ನಾಗಿದೆ, ಆದರೆ ನಮ್ಮ ಹಳ್ಳಿಯಲ್ಲಿ ಎಂಟು ದಿನ ಕಳೆದ ಮೇಲೆ ಮಾವ ಅದನ್ನು ಬಿಚ್ಚಿಸಿ ತಾನು ಪಕ್ಕದಲ್ಲೇ ನೀರಿಗಿಳಿಯುತ್ತಿದ್ದ.

ನನ್ನ ಕಾರು 1991ರ ಮಾಜ್ದಾ ಎಂಎಕ್ಸ್5. 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, 14 ಅಂಗುಲದ ಚಕ್ರ, 185 ಮಿ.ಮೀ. ಅಗಲದ ಟೈರು. ಸ್ಟೆಬಿಲಿಟಿ ಕಂಟ್ರೋಲ್ ಎಂಬುದು ಹುಟ್ಟುವ ಮೊದಲಿನ ಕಾರು ಇದು. ಇಷ್ಟು ಸಪೂರ ಟೈರಿನ ಕಾರು ಜಾರುವುದಕ್ಕೆ ವೇಗವೇ ಬೇಕಿಲ್ಲ. ಜಾರುವ ಮುನ್ನ ಸ್ಟಿಯರಿಂಗ್ ಹಗುರಾಗಿ, ಸೀಟಿನ ಕೆಳಗೆ ಏನೋ ತೆವಳಿದಂತಾಗಿ, ಬೇಕಾದಷ್ಟು ಸಮಯ ಕೊಟ್ಟು ಹೇಳಿಯೇ ಜಾರುತ್ತದೆ. ಇಲ್ಲಿ ಹತ್ತಿರದ ಕಾಸಲ್ ಕೂಂಬ್ ಸರ್ಕೀಟ್ ಹಳೆಯ ವಿಮಾನ ನೆಲೆಯ ಸುತ್ತ ಹಾಕಿದ್ದು, ವೇಗದ ಜಾಗ. ಅಲ್ಲಿ ನನ್ನ ಕಾರನ್ನು ಎಲ್ಲರೂ ಹಿಂದೆ ಹಾಕಿ ಹೋಗುತ್ತಾರೆ, ಅದರಿಂದ ನನ್ನ ದಿನದ ಸೊಗಸು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ನೆಕ್ಕರ್‌ತೀರ ಅವರನ್ನು ಒಂದು ಕೇಳಬೇಕು: ನಿಮ್ಮ ಕಾರಿನಲ್ಲಿ ಈಗ ಯಾವ ಟೈರುಗಳಿವೆ? ಟೊಯೋಟಾದವರು ಜಿಟಿ86 ಜೊತೆಗೆ ಕೊಟ್ಟದ್ದು 215 ಮಿ.ಮೀ. ಅಗಲದ ಮಿಶೆಲಿನ್ ಪ್ರೈಮಸಿ ಟೈರು. ಸಾಮಾನ್ಯ ಕುಟುಂಬದ ಕಾರಿಗೆ ಹಾಕುವಂಥದ್ದು. ಅದು ಜಿಪುಣತನವಲ್ಲ. ಹಿಡಿತ ಕಡಿಮೆಯಿದ್ದರೆ ಕಾರಿನ ಅಂಚು, ಅಂದರೆ ಟೈರಿನ ಹಿಡಿತ ತಪ್ಪುವ ಹಂತ, ಕಡಿಮೆ ವೇಗದಲ್ಲೇ ಕೈಗೆ ಸಿಗುತ್ತದೆ, ಮೆಲ್ಲಗೆ ಜಾರುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು. ಕೊಂಡವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಕಿತ್ತು ಅಂಟಿನಂಥ ಅಗಲ ಟೈರು ಹಾಕುವುದು. ಆಗ ಅಂಚು ಇನ್ನೂ ಹೆಚ್ಚಿನ ವೇಗಕ್ಕೆ ಹೋಗುತ್ತದೆ, ಮತ್ತು ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. ಅಂಥ ವೇಗದಲ್ಲಿ ಕಲಿಯಲು ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದೆ ಯಾರಿಗೂ ಧೈರ್ಯ ಸಾಲದು. ಇದನ್ನು ನಾನು ಕಾರು ತಯಾರಿಸುವವರ ದೃಷ್ಟಿಯಿಂದಲೂ ನೋಡುತ್ತೇನೆ. ಬಲ ಹೆಚ್ಚಿಸಿದರು, ಅದನ್ನು ಹಿಡಿಯಲು ಟೈರಿನ ಅಗಲ ಹೆಚ್ಚಿಸಿದರು, ಅಂಚು ಮನುಷ್ಯನ ಕೈಗೆಟಕದಷ್ಟು ದೂರ ಹೋಯಿತು, ಕೊನೆಗೆ ಅದನ್ನು ಎಟುಕಿಸಿಕೊಳ್ಳಲು ಕಂಪ್ಯೂಟರ್ ಇಟ್ಟರು. 600 ಅಶ್ವಶಕ್ತಿಯ ಪೋರ್ಷೆ ಕರೆರಾ ಜಿಟಿಯನ್ನು 2003ರಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದೆಯೇ ಮಾರಾಟಕ್ಕೆ ತಂದಿದ್ದರು. ಅದು ನುರಿತವರನ್ನೂ ಬೆವರಿಸುವ ಕಾರೆಂದು ಹೆಸರಾಯಿತು. ಅಷ್ಟು ಬಲಕ್ಕೆ ಕಾವಲಿಲ್ಲದಿರುವುದು ನನಗೂ ಸರಿ ಕಾಣುವುದಿಲ್ಲ. ಆದರೆ ನನ್ನ ಕಾರಿನ 115 ಅಶ್ವಶಕ್ತಿಗೆ ಕಾವಲು ಬೇಕಿಲ್ಲ.

ನನ್ನ ಸಲಹೆ ಇಷ್ಟು. ಆರಿಸಿ, ಆದರೆ ಹಾಕೆನ್‌ಹೈಮಿನಲ್ಲಿ ಅಲ್ಲ. ಜರ್ಮನಿಯಲ್ಲಿ ಎಡಿಎಸಿ ಎಂಬ ವಾಹನ ಸವಾರರ ಸಂಸ್ಥೆಯ ಚಾಲನಾ ತರಬೇತಿ ಕೇಂದ್ರಗಳಿವೆ, ನೀರು ಹಾಯಿಸಿದ ನುಣುಪಾದ ನೆಲವಿದೆ. ಅಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಮ್ಮ ಕಾರನ್ನು ಇಪ್ಪತ್ತು ಬಾರಿ ಗಿರಕಿ ಹೊಡೆಸಿ. ಇಪ್ಪತ್ತೊಂದನೇ ಬಾರಿ ಹೊಡೆಯುವುದಿಲ್ಲ.

ಮರುತ್ತರ: ಗಿರಕಿಮಾಪಕ (ಬೆಂಗಳೂರು)

ಹಳೇ ಎಂಎಕ್ಸ್5 ಅವರ ಸಲಹೆಗೆ ನನ್ನದು ಪೂರ್ಣ ಸಹಮತ. ಟೈರಿನ ಬಗ್ಗೆ ಅವರು ಹೇಳಿದ್ದು ಈ ಚರ್ಚೆಯ ಬಹು ಮುಖ್ಯವಾದ ಅಂಶ. ನಾನೇ ಅದನ್ನು ಮೊದಲು ಹೇಳಬೇಕಿತ್ತು. ಒಂದು ಕಡೆ ಮಾತ್ರ ಬೇರೆ ಅಭಿಪ್ರಾಯವಿದೆ. ಕಂಪ್ಯೂಟರ್ ಇದ್ದ ಮಾತ್ರಕ್ಕೆ ಅದು ಯಾವಾಗಲೂ ಅಡ್ಡಗೋಡೆಯಾಗುತ್ತದೆ ಎಂಬುದು 20 ವರ್ಷ ಹಳೆಯ ಅನುಭವ. ಫೆರಾರಿಯವರು 2004ರಲ್ಲಿ ಎಫ್430 ಕಾರಿನ ಸ್ಟಿಯರಿಂಗ್ ಮೇಲೆ ಮನೆಟ್ಟಿನೋ ಎಂಬ ಸಣ್ಣ ತಿರುಪನ್ನು ತಂದಾಗ, ಕಾವಲನ್ನು ಎಷ್ಟೆಷ್ಟಾಗಿ ಸಡಿಲಿಸಬೇಕು ಎಂಬುದು ಚಾಲಕನ ಬೆರಳಿಗೆ ಬಂತು. 2013ರ 458 ಸ್ಪೆಷಾಲೆಯಲ್ಲಿ ಕಾರು ಎಷ್ಟು ಕೋನದಲ್ಲಿ ಜಾರುತ್ತಿದೆ ಎಂಬುದನ್ನೇ ಲೆಕ್ಕ ಹಾಕಿ ಆ ಜಾರುವಿಕೆಯನ್ನು ಉಳಿಸಿಕೊಳ್ಳಲು ನೆರವಾಗುವ ವ್ಯವಸ್ಥೆ ಬಂತು. ಈಚಿನ ಬಿಎಂಡಬ್ಲ್ಯು ಎಂ3, ಎಂ4 ಕಾರುಗಳಲ್ಲಿ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ವ್ಯವಸ್ಥೆಗೆ (ಟ್ರ್ಯಾಕ್ಷನ್ ಕಂಟ್ರೋಲ್) 10 ಹಂತಗಳಿವೆ. ಇವುಗಳನ್ನು ಹೊಂದಿಸಿದ ಎಂಜಿನಿಯರುಗಳೂ ತಿರುವುಗಳನ್ನು ಪ್ರೀತಿಸುವವರೇ.

ಆದರೆ ಇದರಲ್ಲಿ ನನಗೇ ಕಾಡುವ ತೊಡಕೊಂದಿದೆ. ವ್ಯವಸ್ಥೆ ಬಹಳ ಚೆನ್ನಾಗಿದ್ದಾಗ ಅದು ಕೈ ಹಾಕಿದ್ದೇ ತಿಳಿಯುವುದಿಲ್ಲ. ಹೆದ್ದಾರಿ 48 ಅವರ ಕಾಗದದ ಮೇಲೆ ಚುಕ್ಕೆ ಇಡಲು ಸಾಧ್ಯವಾಗುವುದು ಹಸ್ತಕ್ಷೇಪ ಅನುಭವಕ್ಕೆ ಬಂದಾಗ ಮಾತ್ರ. ಜಾರಿಕೆಯನ್ನು ತಾನೇ ಹಿಡಿದೆನೆಂದು ಚಾಲಕ ನಂಬಿ, ಮರುದಿನ ಆರಿಸಿ ಹೊರಟರೆ ಏನಾದೀತು? ಆದ್ದರಿಂದ ನಿಮ್ಮ ಜಿಟಿ86 ಕಾರಿನ ಒರಟು ಹಸ್ತಕ್ಷೇಪವೇ ಕಲಿಯುವವನಿಗೆ ಹೆಚ್ಚು ಪ್ರಾಮಾಣಿಕ ಎಂದು ಕೆಲವೊಮ್ಮೆ ಅನಿಸುತ್ತದೆ. ರೇಸಿನವರು ಎಲ್ಲಿ ಗೆರೆ ಎಳೆದಿದ್ದಾರೆ ಎಂಬುದನ್ನೂ ನೋಡಿ. ಜಿಟಿ3 ವರ್ಗದ ರೇಸ್ ಕಾರುಗಳಿಗೆ ಎಬಿಎಸ್ ಇದೆ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಆದರೆ ಗಿರಕಿಯನ್ನು ತಡೆಯಲು ಚಕ್ರಗಳನ್ನು ಒಂದೊಂದಾಗಿ ಹಿಡಿಯುವ ಈ ವ್ಯವಸ್ಥೆ ಇಲ್ಲ. ಫಾರ್ಮುಲಾ 1ರಲ್ಲಿ 2008ರಿಂದ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಇಲ್ಲ. ಕಾರಿನ ದಿಕ್ಕು ಚಾಲಕನ ಹೊಣೆಯಾಗಿಯೇ ಉಳಿದಿದೆ.

ಜಿಟಿ86ರಲ್ಲಿ ಬ್ರೇಕ್ ಪೆಡಲ್ ಮತ್ತು ಹ್ಯಾಂಡ್‌ಬ್ರೇಕನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಿ ಎತ್ತಿ ಎಲ್ಲವನ್ನೂ ಬೇರುಸಹಿತ ಆರಿಸುವ ಉಪಾಯವನ್ನು ಯಾರಾದರೂ ನಿಮಗೆ ಹೇಳಿಕೊಡುತ್ತಾರೆ. ಕಾರ್ಯಾಗಾರದ ಪರೀಕ್ಷೆಗಾಗಿ ಇರುವ ಸ್ಥಿತಿ ಅದು. ಸದ್ಯಕ್ಕೆ ಅದರ ಗೊಡವೆ ಬೇಡ.

ನೆಕ್ಕರ್‌ತೀರ (ಸ್ಟುಟ್‌ಗಾರ್ಟ್), ಆರು ವಾರಗಳ ನಂತರ

ಉತ್ತರ ಬರೆದ ಮೂವರಿಗೂ ನಾನು ಋಣಿ. ಹೇಳಿದ್ದನ್ನು ಮಾಡಿ ನೋಡದೆ ಮತ್ತೆ ಬರೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ.

ಹಳೇ ಎಂಎಕ್ಸ್5 ಅವರೇ, ನಿಮ್ಮ ಊಹೆ ನಿಜ. ಹಿಂದಿನ ಮಾಲೀಕರು 235 ಮಿ.ಮೀ. ಅಗಲದ, ಟ್ರ್ಯಾಕಿಗೆಂದೇ ಮಾಡಿದ ಟೈರು ಹಾಕಿಸಿದ್ದರು. ನಾನು ಅದನ್ನೊಂದು ಲಾಭವೆಂದು ಭಾವಿಸಿದ್ದೆ. ಈಗ 215ರ ಸಾಮಾನ್ಯ ಟೈರಿಗೆ ಮರಳಿದ್ದೇನೆ.

ಒದ್ದೆ ನೆಲದ ತರಬೇತಿಗೆ ಒಂದು ಶನಿವಾರ ಹೋದೆ. ನೀರು ಚಿಮ್ಮುವ ದೊಡ್ಡ ವೃತ್ತ, ನಡುವೆ ಕಿತ್ತಳೆ ಬಣ್ಣದ ಕೋನುಗಳು. ಎರಡನೇ ಗೇರಿನಲ್ಲಿ ಸುತ್ತುತ್ತಾ ತರಬೇತುದಾರರು ವಾಕಿಟಾಕಿಯಲ್ಲಿ ‘ಈಗ’ ಎಂದಾಗ ಆಕ್ಸಿಲರೇಟರ್ ಒತ್ತಬೇಕು. ಮೊದಲ ಆರು ಬಾರಿಯೂ ಗಿರಕಿ. ನನ್ನ ತಪ್ಪು ಆರೂ ಬಾರಿ ಒಂದೇ ಎಂದು ಅವರು ತೋರಿಸಿಕೊಟ್ಟರು: ಹಿಂಭಾಗ ಹೊರಟ ಕೂಡಲೇ ನನ್ನ ಕಣ್ಣು ಕಾರಿನ ಮೂತಿಯನ್ನು ನೋಡುತ್ತಿತ್ತು, ಕೈ ಕಣ್ಣಿನ ಹಿಂದೆ ಹೋಗುತ್ತಿತ್ತು. ‘ಹೋಗಬೇಕಾದ ಕಡೆಗೆ ಮುಖ ತಿರುಗಿಸಿ, ಪಕ್ಕದ ಕಿಟಕಿಯಿಂದ ನೋಡಬೇಕಾಗಿ ಬಂದರೂ ಸರಿ’ ಎಂದರು. ಏಳನೆಯ ಬಾರಿ ಪಕ್ಕದ ಕಿಟಕಿಯ ಗಾಜಿನ ಮೂಲಕ ಕೋನನ್ನು ನೋಡುತ್ತಿದ್ದಂತೆಯೇ ಸ್ಟಿಯರಿಂಗ್ ನನ್ನ ಅಂಗೈಯಲ್ಲಿ ತಾನಾಗಿಯೇ ಹೊರಳಿತು. ನಾನು ಬಿಟ್ಟುಕೊಟ್ಟೆ, ಮತ್ತೆ ಹಿಡಿದೆ, ಕಾರು ಅಡ್ಡಡ್ಡಲಾಗಿಯೇ ಎರಡು ಕೋನುಗಳನ್ನು ದಾಟಿ ನೆಟ್ಟಗಾಯಿತು. ಆಗಿನ ವೇಗ ಗಂಟೆಗೆ 32 ಕಿ.ಮೀ. ಹೆಲ್ಮೆಟಿನೊಳಗೆ ನಾನು ಜೋರಾಗಿ ಕನ್ನಡದಲ್ಲಿ ಕೂಗಿದ್ದು ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳಿಸಿತಂತೆ.

ಕಳೆದ ಭಾನುವಾರ ಮತ್ತೆ ಹಾಕೆನ್‌ಹೈಮಿಗೆ ಹೋದೆ, ಇಡೀ ದಿನ ವಿಎಸ್‌ಸಿ ಸ್ಪೋರ್ಟ್‌ನಲ್ಲಿ. ಹೆದ್ದಾರಿ 48 ಅವರ ಕಾಗದವೂ ಜೊತೆಗಿತ್ತು. ಬೆಳಗಿನ ಸರದಿಯಲ್ಲಿ ಹನ್ನೊಂದು ಚುಕ್ಕೆಗಳು, ಅದರಲ್ಲಿ ಏಳು ಶ್ಪಿಟ್ಸ್‌ಕೇರದಲ್ಲಿ. ಗಿರಕಿಮಾಪಕ ಅವರು ಹೇಳಿದಂತೆ ಸ್ಟಿಯರಿಂಗನ್ನು ಮೊದಲಿಗಿಂತ ಕಡಿಮೆ ತಿರುಗಿಸಿ, ಕಾರು ನೆಟ್ಟಗಾಗುತ್ತಾ ಹೋದಷ್ಟೇ ಬಲವನ್ನು ಹಾಕುತ್ತಾ ಬಂದೆ. ಕೊನೆಯ ಸರದಿಯಲ್ಲಿ ಅಲ್ಲಿ ಒಂದೇ ಒಂದು ಬಾರಿ ದೀಪ ಹತ್ತಿತು. ಜಾಕ್ಸ್ ತಿರುವಿನಲ್ಲಿ ಮಾತ್ರ ನನ್ನ ಕಾಲು ಇನ್ನೂ ಹೆದರುತ್ತದೆ. ಅಲ್ಲಿನ ನಾಲ್ಕು ಚುಕ್ಕೆಗಳಿಗೆ ನನ್ನ ಬಳಿ ಉತ್ತರವಿಲ್ಲ. ತಿರುವಿನ ನಡುವೆ ಕಾಲೆತ್ತುವ ಅಭ್ಯಾಸವನ್ನು ಬಿಡಿಸುವ ದಾರಿ ಗೊತ್ತಿರುವವರು ತಿಳಿಸಿದರೆ ಉಪಕಾರವಾಗುತ್ತದೆ. ಅಕ್ಟೋಬರಿನಲ್ಲಿ ಇನ್ನೊಂದು ದಿನ ಬುಕ್ ಮಾಡಿದ್ದೇನೆ. ಅಂದು ಕೊನೆಯ ಸರದಿಯಲ್ಲಿ, ಇನ್‌ಸ್ಟ್ರಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆರಿಸಿ ನೋಡಬೇಕೆಂದಿದೆ.

ರಾತ್ರಿ ಮನೆಗೆ ಬಂದು ಚಕ್ರ ಬಿಚ್ಚಿ ಅಳೆದೆ. ಹೊಸದಾಗಿ ಹಾಕಿಸಿದ್ದ ಪ್ಯಾಡುಗಳಲ್ಲಿ ಹಿಂದಿನ ಎಡ ಪ್ಯಾಡ್ 7.5 ಮಿ.ಮೀ., ಬಲ ಪ್ಯಾಡ್ 7 ಮಿ.ಮೀ.